ಎಲೆತೋಟದ ಬೇಲಿ

ಶ್ರೀರಾಂಪುರದ ಆಚೆ, ಬಡಾವಣೆಯ ಸೈಟುಗಳ ನಡುವೆ ಉಳಿದಿದ್ದ ಗುರುಮಲ್ಲಪ್ಪನವರ ವೀಳ್ಯದೆಲೆ ತೋಟಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. "ಯಾವಳು ಯಾವತ್ತು ಮುಟ್ಟಾಗಿರ್ತಾಳೋ ಯಾರಿಗ್ಗೊತ್ತು? ನೆರಳು ಬಿದ್ರೆ ಬಳ್ಳಿ ಕೊಳೀತದೆ" ಎನ್ನುವರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲವೆಂದು ಮಠದಲ್ಲಿ ಕೇಳಿ ತಲೆದೂಗುತ್ತಿದ್ದ ಮನುಷ್ಯ, ಬೇಲಿ ಹತ್ತಿರ ಬಂದೊಡನೆ ಎಲ್ಲ ಮರೆತುಬಿಡುತ್ತಿದ್ದರು! ಹೆಂಡತಿ ಪುಟ್ಟಬಸಮ್ಮ ಮೂವತ್ತು ವರ್ಷ ಜಗಲಿಯಲ್ಲಿ ಕೂತು ಎಲೆಯ ಕಟ್ಟು ಕಟ್ಟಿದ್ದರು. ಬಳ್ಳಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

೧೯೯೮ರ ಶ್ರಾವಣದಲ್ಲಿ ಎಲೆಗಳಿಗೆ ಕಪ್ಪು ಚುಕ್ಕೆ ರೋಗ ಬಂತು. ಅಪವಾದ ನೇರ ಹೊಸ ಸೊಸೆ ಪ್ರೇಮಲೀಲಾಳ ತಲೆಗೆ. ಪಾಪ, ಗೊತ್ತಿಲ್ಲದೆ ಒಂದು ದಿನ ತೋಟದೊಳಗೆ ಹೋಗಿದ್ದಳು.

"ಇವತ್ತೇ ತವರಿಗೆ ಕಳಿಸು" ಎಂದರು ಗುರುಮಲ್ಲಪ್ಪ. ಮಗ ಶಿವಕುಮಾರ್ ನೆಲ ನೋಡುತ್ತ ನಿಂತ.

ಪುಟ್ಟಬಸಮ್ಮನಿಗೆ ಮೈಯೆಲ್ಲ ಉರಿಯಿತು. ಮದುವೆಯಾದ ಹೊಸತರಲ್ಲಿ ಬೇಲಿ ಬಳಿ ನಿಂತದ್ದಕ್ಕೇ ಇದೇ ಅಪವಾದ ಹೊತ್ತು ತಾವೂ ಒಂದು ವರ್ಷ ತವರಿನಲ್ಲಿ ಕಣ್ಣೀರು ಹಾಕಿದವರೇ. "ಗೌರಿ ಹಬ್ಬಕ್ಕೆ ಹೇಗೂ ಹೋಗ್ತಾಳಲ್ಲ, ಅಲ್ಲೀವರೆಗೆ ಇರಲಿ" ಎಂದರು.

"ಅಷ್ಟರಲ್ಲಿ ಬಳ್ಳಿ ಚೇತರಿಸ್ಕೊಳ್ಳದಿದ್ರೆ, ಹೋದೋಳು ವಾಪಸ್ ಬರೋದು ಬೇಡ."

ಪ್ರೇಮಲೀಲಾ ಸಸ್ಯಶಾಸ್ತ್ರ ಓದಿದವಳು. ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದಳು: "ಇದು ಶಿಲೀಂಧ್ರ ಅತ್ತೆ, ನೆರಳಲ್ಲ. ಬೆಳ್ಳುಳ್ಳಿ ಜಜ್ಜಿದಾಗ ಘಾಟು ಬರತ್ತಲ್ಲ, ಅಲಿಸಿನ್ ಅಂತ, ಜಜ್ಜಿದ ಮೇಲೇ ಹುಟ್ಟೋ ಅಂಶ ಅದು. ಶಿಲೀಂಧ್ರದ ಕಣ ಎಲೆ ಮೇಲೆ ಮೊಳೆಯೋಕೇ ಬಿಡಲ್ಲ. ಕೆಟ್ಟ ಎಲೆ ಸರಿಹೋಗಲ್ಲ, ಹೊಸ ಚಿಗುರು ಉಳಿಯತ್ತೆ. ಆದ್ರೆ ಇಟ್ಟಷ್ಟೂ ಕಸುವು ಹೋಗತ್ತೆ, ತಕ್ಷಣ ಸಿಂಪಡಿಸ್ಬೇಕು."

"ನಿಮ್ಮಾವ ಒಪ್ತಾರಾ?"

"ಇಲ್ಲ."

"ಹಾಗಾದ್ರೆ ಕೇಳೋದೇ ಬೇಡ ಬುಡು" ಎಂದು ಪುಟ್ಟಬಸಮ್ಮ ಒರಳ ಮುಂದೆ ಕೂತೇಬಿಟ್ಟರು.

ವಾರಕ್ಕೊಮ್ಮೆ, ಗುರುಮಲ್ಲಪ್ಪ ಎಲೆ ಹೊತ್ತು ದೇವರಾಜ ಮಾರುಕಟ್ಟೆಗೆ ಹೋದೊಡನೆ, ಸೊಸೆ ಅವರು ಮರಳುವಷ್ಟರಲ್ಲಿ ಮುಗಿಯುವಂತೆ ಮೂಡಲ ಕಡೆಯ ಆರು ಸಾಲಿಗೆ ಮಾತ್ರ ರಸ ಸಿಂಪಡಿಸಿದಳು. ಅತ್ತೆ ಬೇಲಿ ಬಾಗಿಲಲ್ಲೇ ಕಾವಲು. ಎರಡನೇ ವಾರ ಪ್ರೇಮಲೀಲಾ, "ಅತ್ತೆ, ಇವತ್ತು ನಾನು ಹೊರಗೆ" ಎಂದಳು. ಪುಟ್ಟಬಸಮ್ಮ ಒಮ್ಮೆ ಬಳ್ಳಿಯತ್ತ, ಒಮ್ಮೆ ಸೊಸೆಯತ್ತ ನೋಡಿದರು. ಆಮೇಲೆ ತಾವೇ ಬಾಗಿಲು ತೆಗೆದರು. "ನಡಿ."

ಅತ್ತ ಗುರುಮಲ್ಲಪ್ಪ ಊರ ಅಮ್ಮನವರ ಹೆಸರಿನಲ್ಲಿ ಇಡೀ ತೋಟಕ್ಕೆ ಶಾಂತಿಪೂಜೆ ಮಾಡಿಸಿದರು.

ಗೌರಿ ಹಬ್ಬದ ಹಿಂದಿನ ದಿನ ಆರು ಸಾಲಿನಲ್ಲೂ ಹೊಸ ಎಲೆ ಚುಕ್ಕೆಯಿಲ್ಲದೆ ಮಿರಮಿರ ಮಿಂಚುತ್ತಿತ್ತು. ಗುರುಮಲ್ಲಪ್ಪ ಎರಡೆಲೆ ಕಿತ್ತು ತಂದು, ಸುಣ್ಣ ಹಚ್ಚಿ ಬಾಯಿಗಿಟ್ಟು, ನೆಂಟರ ಮುಂದೆ ಬೀಗಿದರು: "ನೋಡಿದ್ರಾ, ಅಮ್ಮನೋರ ಪೂಜೆ!"

"ಅಮ್ಮನೋರು ಆರೇ ಸಾಲಿಗೆ ಕಣ್ಬಿಟ್ರಾ? ಉಳಿದದ್ದು ಯಾಕ್ರೀ ಕೊಳೀತಾ ಇದೆ?" ಪುಟ್ಟಬಸಮ್ಮ ಎದ್ದು ನಿಂತರು. "ಆ ಆರು ಸಾಲು ಉಳಿಸಿದೋಳು ನಿಮ್ಮ ಸೊಸೆ. ಮುಟ್ಟಾದ ದಿನವೂ ಹೋಗಿ ಔಷಧಿ ಹೊಡೆದಿದ್ದಾಳೆ. ಬಾಗಿಲು ತೆಗೆದೋಳು ನಾನು. ಅವಳನ್ನ ಕಳಿಸೋದಾದ್ರೆ ನನ್ನೂ ಕಳಿಸಿ!"

ಗುರುಮಲ್ಲಪ್ಪನವರ ದವಡೆ ಗಕ್ಕನೆ ನಿಂತಿತು. ಉಗಿಯಬೇಕೋ ನುಂಗಬೇಕೋ ತೋಚಲಿಲ್ಲ. ನೆಂಟರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ದವಡೆ ಮೆಲ್ಲಗೆ ಆಡಿತು. ನುಂಗಿದರು.

"ಉಳಿದ ಸಾಲಿಗೆ ಯಾವಾಗ ಹೊಡೀತೀಯಮ್ಮ?" ಎಂದರು ಸೊಸೆಗೆ, ತಲೆಯೆತ್ತದೆ.

"ಈಗಲೇ" ಎಂದು ಉತ್ತರ ಕೊಟ್ಟವರು ಪುಟ್ಟಬಸಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಗಿಂತ ಮುಂದಾಗಿ ತೋಟದೊಳಕ್ಕೆ ನಡೆದರು.