ಬಾಲಂಗೋಚಿಯ ಕತ್ತರಿ

ಅವನು ಯಾರ ಜೊತೆಗೆ ನಡೆದರೂ ಅರ್ಧ ಹೆಜ್ಜೆ ಹಿಂದೆಯೇ ಇರುತ್ತಿದ್ದ. ಪೇಟೆಯ ಬೀದಿಯಲ್ಲಿ, ಆಸ್ಪತ್ರೆಯ ಮೆಟ್ಟಿಲಲ್ಲಿ, ಕೊನೆಗೆ ಸ್ವಂತ ಮನೆಯ ಬಾಗಿಲಲ್ಲಿ ಕೂಡ, ಮುಂದಿನವರು ದಾಟಲಿ ಎಂದು ತಡೆದು ನಿಂತು ಆಮೇಲೆ ಕಾಲಿಡುವುದು ಅವನಿಗೆ ರಕ್ತಗತವಾಗಿಬಿಟ್ಟಿತ್ತು. ಜೀವನೋಪಾಯಕ್ಕೆ ಕನ್ನಡಕದ ಅಂಗಡಿ. ಆದರೆ ಜನ ಅವನನ್ನು ಬಲ್ಲದ್ದು, ಕೆರೆಯಲ್ಲಿ ಈಜಿ, ಸೈಕಲ್ ತುಳಿದು, ಆಮೇಲೆ ಓಡಿ, ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸಬೇಕಾದ ಆ ಸುದೀರ್ಘ ಟ್ರಯಥ್ಲಾನ್‌ನಿಂದ. ಪ್ರತಿ ವರ್ಷ ಅದರ ಕಟ್ಟಕಡೆಯ ಸ್ಪರ್ಧಿಯ ಹಿಂದೆ ಸೈಕಲ್ಲಿನಲ್ಲಿ ಬರುವವನು ಅವನು. ಹೊತ್ತು ಮೀರಿದವರ ಕಾಲಿಗೆ ಕಟ್ಟಿರುವ, ಸಮಯ ಅಳೆಯುವ ಪಟ್ಟಿ ಕತ್ತರಿಸಿ ಸ್ಪರ್ಧೆಯಿಂದ ಇಳಿಸುವುದು ಅವನ ಕೆಲಸ. ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ. ಕುಸಿದವರಿಗೆ ಹೊದಿಸಲೆಂದು, ಉರಿಬಿಸಿಲಿನಲ್ಲೂ ಸೊಂಟಕ್ಕೆ ಸುತ್ತಿದ, ಬಣ್ಣಗೆಟ್ಟ ಮಳೆಕೋಟು. ಓಟಗಾರರು ಅವನನ್ನು ಬಾಲಂಗೋಚಿ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ.

ಹಿಂದಿನ ಸಂಜೆ ಸ್ಪರ್ಧಿಗಳಿಗೆ ಹಾದಿಯ ವಿವರ ಹೇಳುವವನೂ ಅವನೇ. ಬೇರೆಯವರಾದರೆ ಹುರಿದುಂಬಿಸುತ್ತಿದ್ದರು; ಇವನು ಬಾಯಿ ಬಿಟ್ಟರೆ ಸಭೆಯ ಮುಖ ಬಾಡುತ್ತಿತ್ತು. "ನೀರು ಕೊರೆಯುತ್ತೆ, ಮೊದಮೊದಲು ಉಸಿರೇ ಸಿಗಲ್ಲ, ಪಕ್ಕದವರ ಕಾಲು ಮುಖಕ್ಕೆ ಬೀಳುತ್ತೆ. ಸೇತುವೆ ದಾಟಿದ್ಮೇಲೆ ಎದುರುಗಾಳಿ. ವಾಪಸ್ ಬರುವಾಗ ಅದೇ ಗಾಳಿ ತಳ್ಳುತ್ತೆ ಅಂದ್ಕೋಬೇಡಿ, ಅಷ್ಟೊತ್ತಿಗೆ ಅದೂ ತಿರುಗಿರುತ್ತೆ. ಓಟದಲ್ಲಿ ಗೋದಾಮಿನ ಗೋಡೆ ಸಿಗುತ್ತೆ. ಅಲ್ಲಿ ನೆರಳಿಲ್ಲ, ನೋಡೋರೂ ಇಲ್ಲ, ಅಳು ಬರುತ್ತೆ. ಅತ್ಕೊಂಡೇ ಓಡಿ." ನೀರು ಕೊಡಲು ನಿಲ್ಲುವವರಿಗೆ ಅವನದು ಒಂದೇ ಕಟ್ಟಪ್ಪಣೆ: ಯಾರಿಗೂ 'ಇನ್ನೇನು ಬಂತು' ಅನ್ನಕೂಡದು. ಆ ಮಾತು ನಂಬಿ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದು, ತಿರುವಿನಾಚೆ ಮತ್ತೆ ಬರೀ ರಸ್ತೆಯನ್ನೇ ಕಂಡು ಕುಸಿದವರನ್ನು ಎತ್ತಿ ಎತ್ತಿ ಅವನಿಗೆ ಸಾಕಾಗಿತ್ತು.

ಗಂಡ ಹೋದ ಮೇಲೆ ಅವನ ಮನೆಯಲ್ಲೇ ಇದ್ದ ತಂಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಬೆಳಗಾಗುವ ಮುನ್ನ ಎದ್ದು ಈಜುತ್ತಿದ್ದಳು. ಹೋದ ವರ್ಷ ಸೇತುವೆಯ ಬಳಿ ಅವಳ ಪಟ್ಟಿಯನ್ನು ಕತ್ತರಿಸಿದ್ದು ಅವನೇ. ಈ ವರ್ಷ ಅವಳ ಮಂಡಿ ಸವೆದಿತ್ತು; ಇದೇ ಕೊನೆ ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದರು. "ಒಂದೇ ಒಂದ್ಸಲ ಆ ಗೆರೆ ದಾಟ್ಬೇಕು ಅಣ್ಣ, ಆಮೇಲೆ ಕೂತ್ಕೋತೀನಿ," ಎಂದಿದ್ದಳು.

ಹೊತ್ತಿಳಿಯುವಾಗ ಗೋದಾಮಿನ ಗೋಡೆಯ ಪಕ್ಕದಲ್ಲಿ ಎಲ್ಲರಿಗಿಂತ ಹಿಂದೆ ಅವಳು, ಅವಳ ಹಿಂದೆ ಅವನು. ಕಾಲೆಳೆಯುತ್ತಿದ್ದಳು. ಓಟ ಬಿಡದಿದ್ದರೆ ಹೊತ್ತಿಗೆ ಮುಂಚೆ ಗೆರೆ ಮುಟ್ಟುವಷ್ಟು ಸಮಯ, ಕೂದಲೆಳೆಯಷ್ಟಾದರೂ, ಇನ್ನೂ ಇತ್ತು. ಅವಳು ಕೇಳಿದಾಗಲೆಲ್ಲ ಅವನು ದೂರವನ್ನು ಇದ್ದಷ್ಟೇ ಹೇಳುತ್ತ ಬಂದಿದ್ದ. ಅವಳು ಅದನ್ನೇ ಊರುಗೋಲು ಮಾಡಿಕೊಂಡು ಬಂದಿದ್ದಳು. "ಅಣ್ಣಾ, ಇನ್ನೆಷ್ಟಿದೆ?" ಎಂದು ಮತ್ತೆ ಕೇಳಿದಾಗ, ಆ ಕಾಲನ್ನು ನೋಡಲಾಗದೆ ಅವನ ಬಾಯಿಂದ ಜಾರಿತು: "ಇನ್ನೇನು ಬಂತು ಕಣಮ್ಮ."

ಅವಳು ನಿಂತಳು. ತಿರುಗಿ ಅವನ ಮುಖ ನೋಡಿದಳು. "ಟೈಮ್ ಆಗೋಯ್ತು ಅನ್ನು ಹಾಗಾದ್ರೆ," ಎಂದು ರಸ್ತೆಯಂಚಿಗೆ ಕೂತು, ಪಟ್ಟಿಯಿದ್ದ ಕಾಲನ್ನು ಅವನತ್ತ ಚಾಚಿದಳು.

"ಇಲ್ಲ ಕಣೆ, ಟೈಮಿದೆ. ನಿಜವಾಗ್ಲೂ ಇದೆ. ಏಳು."

"ಸಮಾಧಾನ ಮಾಡ್ಬೇಡ ಅಣ್ಣ. ನಿಂಗೆ ಬರಲ್ಲ ಅದು."

ಅವನು ಗೋಗರೆದ, ಕೈ ಹಿಡಿದೆಳೆದ. ಅವಳು ಏಳಲಿಲ್ಲ. ದೂರದಲ್ಲಿ ಸಮಯ ಮುಗಿದ ಗಂಟೆ ಮೊಳಗಿದ ಮೇಲೆ ಅವನು ಕೋಟು ಬಿಚ್ಚಿ ಅವಳಿಗೆ ಹೊದಿಸಿದ, ಕತ್ತರಿ ತೆಗೆದ.

ಅವನು ಈಗಲೂ ಹಾದಿಯ ವಿವರ ಹೇಳುತ್ತಾನೆ. ಗೋದಾಮಿನ ಗೋಡೆಯವರೆಗೆ ಬಂದು ಸುಮ್ಮನಾಗುತ್ತಾನೆ, ಉಳಿದದ್ದನ್ನು ಬೇರೆಯವರು ಮುಗಿಸುತ್ತಾರೆ. ಇಂಥವರನ್ನು ಕಂಡಾಗ ಗೌರವಕ್ಕಿಂತ ಮೊದಲು ಮರುಕ ಹುಟ್ಟುತ್ತದೆ. ಬದುಕಿನುದ್ದಕ್ಕೂ ಕಠಿಣ ಸತ್ಯವನ್ನೇ ನುಡಿದು ಎಲ್ಲರ ನಂಬಿಕೆ ಗಳಿಸಿದವರು, ಎಂದೋ ಒಮ್ಮೆ ಮನಸ್ಸು ಕರಗಿ ಒಂದು ಮೃದುವಾದ ಮಾತಾಡಿದರೆ, ಕೇಳಿದವರಿಗೆ ಅದು ಕೊನೆಯ ತೀರ್ಪಾಗಿ ಕೇಳಿಸುತ್ತದೆ.