ಅರ್ಧಕ್ಕೆ ನಿಲ್ಲುವ ಚಾಕು

ಅಂಗಡಿಯವನು ಹಾಕಿದ್ದು ಒಂದೇ ಷರತ್ತು. "ಮನೇಲಿ ನೋಡಿ ಅಕ್ಕಾ, ಹಿಡಿಸದಿದ್ರೆ ಶನಿವಾರದೊಳಗೆ ತನ್ನಿ, ದುಡ್ಡು ವಾಪಸ್. ಆದ್ರೆ ಕಲ್ಲಿಗೆ ಮಾತ್ರ ಹಾಕ್ಬೇಡಿ. ಮಸೆದ ಚಾಕು ನಿಮ್ಮದೇ."

ಅವಳು ತಲೆಯಾಡಿಸಿ ಚಾಕುವನ್ನು ಡಬ್ಬಿಯ ಸಮೇತ ಚೀಲದ ತಳಕ್ಕೆ ಸೇರಿಸಿಕೊಂಡು ಬಂದಿದ್ದಳು.

ಅವರದು ಹಣ್ಣಿನ ಗಿಡಗಳ ಸಸಿತೋಟ. ನೀರು, ಗೊಬ್ಬರ, ಮಾರಾಟ ಅವಳದು. ಕಸಿ ಕಟ್ಟುವುದು ಗಂಡನದು. ಎಳೆಯ ಗಿಡದ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಮರದ ಕಡ್ಡಿಯನ್ನು ಬೆಣೆಯ ಹಾಗೆ ಹೆರೆದು ಅದರೊಳಗೆ ಕೂರಿಸಬೇಕು. ಹೆರೆಯುವುದು ಒಂದೇ ಎಳೆತಕ್ಕೆ ಆಗಬೇಕು. ಕೈ ಅನುಮಾನಿಸಿದರೆ ಮೈ ತರಿತರಿಯಾಗುತ್ತದೆ, ಕಡ್ಡಿ ಒಣಗುತ್ತದೆ. ಹಳೆಯ ಚಾಕುವಿನ ಸ್ಪ್ರಿಂಗ್ ಸಡಿಲವಾಗಿ, ಮಡಚುವಾಗ ಅಲಗು ಅವನ ತೋರುಬೆರಳಿನ ಮೇಲೆ ಬಿದ್ದಿತ್ತು. ಗಾಯ ಮಾಯಿತು, ಅಂಜಿಕೆ ಮಾಯಲಿಲ್ಲ. ಆಮೇಲೆ ಕಟ್ಟಿದ ಗಿಡಗಳಲ್ಲಿ ಚಿಗುರಿದ್ದಕ್ಕಿಂತ ಒಣಗಿದ್ದೇ ಹೆಚ್ಚು. "ಇನ್ಮೇಲೆ ಬೇರೆ ಯಾರನ್ನಾದ್ರೂ ಕರೆಸು. ನನ್ನ ಕೈಯಲ್ಲಿ ಆಗಲ್ಲ," ಎಂದು ಅವನು ಒಂದು ಮಧ್ಯಾಹ್ನ ಚಾಕು ಎತ್ತಿಟ್ಟಿದ್ದ. ಆ ಮಾತು ಕೇಳಿಯೇ ಅವಳು ಅಂಗಡಿಗೆ ಹೋಗಿದ್ದು.

ಬೆಲೆ ಕೇಳಿ ಅತ್ತೆ ಗಲ್ಲದ ಮೇಲೆ ಕೈ ಇಟ್ಟರು. "ಆ ದುಡ್ಡಿಗೆ ಒಂದು ಕುರಿ ಬರ್ತಿತ್ತಲ್ಲೇ! ಕುರಿಯಾದ್ರೆ ಮರಿ ಹಾಕುತ್ತೆ. ಇದೇನು ಹಾಕುತ್ತೆ?"

"ಕುರಿ ಕೈಲಿ ಕಸಿ ಕಟ್ಟಿಸೋಕಾಗುತ್ತಾ ಅತ್ತೆ?"

ಗಂಡ ನಗಲಿಲ್ಲ. ಚಾಕುವನ್ನು ಬೆಳಕಿಗೆ ಹಿಡಿದು ನೋಡಿದ. ಮರದ ಹಿಡಿಗೂ ಬೆನ್ನಿನ ಸ್ಪ್ರಿಂಗಿಗೂ ನಡುವೆ ಕೂದಲೂ ತೂರದು. ಅಲಗು ಎರಡು ಬದಿಗೂ ತಾಗದೆ ನಟ್ಟನಡುವೆ ಮಲಗಿತ್ತು. ಬಿಚ್ಚಿದಾಗ ಬಂದ 'ಟಕ್' ಸದ್ದಿಗೆ ಅವನ ಹುಬ್ಬು ಸ್ವಲ್ಪ ಮೇಲೇರಿತು. ಮಡಚಲು ಹೋದ. ಅಲಗು ಅರ್ಧಕ್ಕೆ ಬಂದು, ಮೂಲೆಮಟ್ಟದ ಹಾಗೆ ನೆಟ್ಟಗೆ ನಿಂತಿತು. ಮತ್ತೆ ಒತ್ತಿದ ಮೇಲೆಯೇ ಒಳಗೆ ಹೋಯಿತು. ಇನ್ನೊಮ್ಮೆ ಮಾಡಿದರೂ ಹಾಗೆಯೇ.

"ಸಿಕ್ಕಿಕೊಳ್ತಿದೆ. ಇಷ್ಟು ದುಡ್ಡು ಕೊಟ್ಟು ಕೆಟ್ಟ ಮಾಲು ತಂದಿದ್ದೀಯ. ನಾಳೆ ವಾಪಸ್ ಕೊಟ್ಬಿಡು," ಎಂದು ಡಬ್ಬಿಗೆ ಹಾಕಿ ಎದ್ದುಹೋದ.

ಮರುದಿನ ಬೆಳಿಗ್ಗೆ ಅವಳು ಡಬ್ಬಿ ತೆರೆದರೆ ಬರಿದು. ಹಿತ್ತಲಿನಿಂದ ಸರ್‌ ಸರ್‌ ಎಂಬ ಸದ್ದು ಬರುತ್ತಿತ್ತು. ಅತ್ತೆ ಕಲ್ಲಿಗೆ ನೀರು ಚಿಮುಕಿಸಿಕೊಂಡು ಚಾಕು ಮಸೆಯುತ್ತಿದ್ದರು.

"ಅಯ್ಯೋ ಅತ್ತೆ!"

"ಯಾಕೆ ಕೂಗ್ತೀಯ? ಹೊಸ ಚಾಕೂನ ಮಸೀದೆ ಯಾರಾದ್ರೂ ಗಿಡಕ್ಕೆ ಇಡ್ತಾರಾ? ನಿಮ್ಮ ಮಾವ ಇದ್ದಾಗ ಇದು ನನ್ನದೇ ಕೆಲಸ."

ಅಂಗಡಿಯವನ ಷರತ್ತು ತಿಳಿದ ಮೇಲೆ ಅತ್ತೆಯ ಮುಖ ಸಣ್ಣದಾಯಿತು. "ಒರೆಸಿಕೊಟ್ರೆ ಗೊತ್ತಾಗುತ್ತಾ?" ಎಂದು ಪಿಸುಗುಟ್ಟಿದರು. ಅಲಗಿನ ಉದ್ದಕ್ಕೂ ಕಲ್ಲಿನ ಗೀರು ಮಿರಮಿರ ಮಿಂಚುತ್ತಿತ್ತು.

ಗಂಡ ಬಂದು ನೋಡಿದ, ಬೈಯಲಿಲ್ಲ. ಅಭ್ಯಾಸದಂತೆ ಹೆಬ್ಬೆರಳ ಉಗುರಿನ ಮೇಲೆ ಅಲಗನ್ನು ಇಟ್ಟ. ಅದು ಜಾರದೆ ಕಚ್ಚಿತು. "ಚೆನ್ನಾಗಿ ಮಸೆದಿದ್ದೀಯಮ್ಮ," ಎಂದ. ಇನ್ನು ವಾಪಸ್ಸಿನ ಮಾತಿಲ್ಲ. ನೆರಳುಬಲೆಯ ಕೆಳಗೆ ಹೋಗಿ ಮೋಟುಮಣೆಯ ಮೇಲೆ ಕೂತ. ಅವಳು ಒಂದೆರಡು ಗಿಡಗಳನ್ನೂ ಕಡ್ಡಿಗಳನ್ನೂ ಮುಂದಿಟ್ಟು, ಕಸಿಗೆ ಸುತ್ತುವ ಪ್ಲಾಸ್ಟಿಕ್ ಪಟ್ಟಿ ಹಿಡಿದು ಪಕ್ಕದಲ್ಲೇ ನಿಂತಳು.

ಅವನು ಅಳುಕುತ್ತಲೇ ಹೆರೆದ. ಮೊದಲ ಕಡ್ಡಿ ತರಿಯಾಯಿತು, ಎಸೆದ. ಎರಡನೆಯದನ್ನು ಹೇಗೋ ಕೂರಿಸಿದ. ಎಡಗೈಯಲ್ಲಿ ಕಸಿಯನ್ನು ಬಿಗಿಹಿಡಿದು, ಬಲಗೈಯ ಚಾಕುವನ್ನು ಹಳೆಯ ರೂಢಿಯಂತೆ ತೊಡೆಗೆ ಒತ್ತಿ ಮಡಚಿದ. ತೋರುಬೆರಳು ಅಲಗು ಬೀಳುವ ಸಂದಿನ ಮೇಲೆಯೇ ಇತ್ತು. ಅವಳು ಅದನ್ನು ಕಂಡು, ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಟಕ್ ಎಂದಿತು.

ಅಲಗು ಅರ್ಧಕ್ಕೆ ನಿಂತಿತ್ತು, ಬೆರಳನ್ನು ಮುಟ್ಟದೆ.

ಅವನು ಬೆರಳನ್ನು ನಿಧಾನವಾಗಿ ತೆಗೆದು, ಆಮೇಲೆ ಮತ್ತೆ ಒತ್ತಿದ. ಚಾಕು ಒಳಗೆ ಮಲಗಿತು.

"ಸಿಕ್ಕಿಕೊಳ್ಳೋದಲ್ಲ ಕಣೇ ಇದು," ಎಂದ. "ಬೆರಳು ತೆಗಿ ಅಂತ ಕಾಯುತ್ತೆ."

"ನಿಮಗಿಂತ ಅದಕ್ಕೇ ತಾಳ್ಮೆ ಜಾಸ್ತಿ," ಎಂದಳು.

ಅವನು ಜೋರಾಗಿ ನಕ್ಕ. ಆ ನಗು ಕೇಳಿ ಎಷ್ಟೋ ದಿನವಾಗಿತ್ತು. ಆ ಕಸಿಗೆ ಪಟ್ಟಿ ಸುತ್ತಿ, ಪಕ್ಕದ ಗಿಡಕ್ಕೆ ಇನ್ನೊಂದು ಕಡ್ಡಿ ತೆಗೆದುಕೊಂಡ. ಈ ಸಲ ಅಲಗು ಎಲ್ಲೂ ನಿಲ್ಲದೆ ಸಾಗಿತು; ಕಡ್ಡಿಯ ಮೈ ಒರೆಸಿದ ಗಾಜಿನಂತೆ ಹೊಳೆಯಿತು. "ಪಟ್ಟಿ ಕೊಡು," ಎಂದ. ಮತ್ತೆ, "ಇನ್ನೊಂದು ಗಿಡ ತಾ."

ದೂರದಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅತ್ತೆ ಈಗ ಹತ್ತಿರ ಬಂದರು. "ನಾನು ಮಸೀದೇ ಇದ್ದಿದ್ರೆ ಇಷ್ಟೊತ್ತಿಗೆ ಅದು ಅಂಗಡೀಲಿರ್ತಿತ್ತು," ಎಂದು ಬೀಗಿದರು. ಆಮೇಲೆ ದನಿ ತಗ್ಗಿಸಿ ಸೊಸೆಯನ್ನು ಕೇಳಿದರು, "ಇನ್ನು ವಾಪಸ್ ಕೊಡೋದಿಲ್ವಲ್ಲ, ಆ ಡಬ್ಬಿ ನನಗಿರ್ಲಿ. ಸೂಜಿ-ದಾರ ಹಾಕಿಡ್ತೀನಿ."