ಅನ್ನಕ್ಕೆ ಹೆಸರಿಟ್ಟವಳು

ಮೈಸೂರಿನ ಶಾಂತಲಾ ಕೊಡಿಗೇಹಳ್ಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಸಾರು ಹುಳಿಯಾಗಿದೆ ಅಂದುಬಿಟ್ಟಿದ್ದಳು. ‘ಅನ್ನಕ್ ಎಸರಿಡಬಾರ್ದು ಕಣಮ್ಮ’ ಅಂದರು ಅತ್ತೆ ಸುಬ್ಬಮ್ಮ. ಅತ್ತೆಯ ನಾಲಿಗೆಗೂ ಹಕಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಉಣ್ಣುವ ಅನ್ನಕ್ಕೆ ಹೆಸರಿಡಬಾರದು, ಹುಳುಕು ಎತ್ತಿ ಆಡಬಾರದು ಅಂತ ಅವರ ಮಾತು. ಸೊಸೆ ಕೇಳಿದ್ದನ್ನೇ ನಂಬಿ ಮಾರನೆಯ ದಿನ ಒಲೆಯ ಮೇಲೆ ಅನ್ನಕ್ಕೆ ಎಸರೇ ಇಡಲಿಲ್ಲ. ಮನೆಮಂದಿಯೆಲ್ಲ ಬರೀ ಮುದ್ದೆ ಉಂಡೆದ್ದರು. ನಕ್ಕು ನಕ್ಕು ಅಂದೇ ಅತ್ತೆ ಸೊಸೆಗೆ ಸ್ನೇಹವಾಯಿತು.

ಈಗ ಅದೇ ಸೊಸೆ ಊರೆಲ್ಲ ಕೇಳುವಂತೆ ಹೆಸರಿಟ್ಟಿದ್ದಳು. ಪ್ಯಾಕೆಟ್ ಹಿಟ್ಟಿನ ಇಡ್ಲಿ ತಿಂದು ಮಗಳು ಸಂಯುಕ್ತಾ ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದ್ದಳು. ತಾರೀಖು ಮುಗಿಯದ ಪ್ಯಾಕೆಟ್. ಉಳಿದ ಹಿಟ್ಟನ್ನು ಮೂಸಿದರೆ ಹೊಟ್ಟೆ ತೊಳಸುವ ವಾಸನೆ. ಶಾಂತಲಾ ಕಂಪನಿಯ ಹೆಸರು ಸಮೇತ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬರೆದಳು. ಮಗು ಹುಷಾರಾಗಿ ಮನೆಗೆ ಬಂತು, ಹಿಂದೆಯೇ ವಕೀಲರ ನೋಟೀಸೂ ಬಂತು: ಬರೆದದ್ದು ಸುಳ್ಳೆಂದು ಅದೇ ಗುಂಪಿನಲ್ಲಿ ಒಪ್ಪಿಕೊಳ್ಳಿ, ಇಲ್ಲವಾದರೆ ಮಾನನಷ್ಟದ ಕೇಸು. ಇಡ್ಲಿ ಹಿಟ್ಟಿಗೂ ಮಾನವಿರುತ್ತದೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಕೋರ್ಟು ಕಚೇರಿ ನಮಗ್ಯಾಕೆ, ತಪ್ಪಾಯ್ತು ಅಂದುಬಿಡು ಎಂದು ಗಂಡ ಬಾಲರಾಜು ಬೆಳಗಿನಿಂದ ಬೆನ್ನು ಬಿದ್ದಿದ್ದ. ಪ್ರೀತಿ ಇಲ್ಲದವನಲ್ಲ, ಪುಕ್ಕಲ ಅಷ್ಟೆ. ಮಗುವಿನ ನರಳಾಟವನ್ನು ಸುಳ್ಳು ಅನ್ನಬೇಕಲ್ಲ ಎಂಬುದೇ ಶಾಂತಲಾಗೆ ಕೇಸಿಗಿಂತ ದೊಡ್ಡ ಸಂಕಟ. ಅತ್ತೆಯೂ ಮಗನ ಕಡೆಯೇ ಇರುತ್ತಾರೆ ಅಂದುಕೊಂಡು, ಸೋತು, ಗುಂಪಿಗೆ ತಪ್ಪೊಪ್ಪಿಗೆ ಬರೆಯಲು ಫೋನು ಕೈಗೆತ್ತಿಕೊಂಡಳು.

ಸೊಪ್ಪು ಬಿಡಿಸುತ್ತಿದ್ದ ಸುಬ್ಬಮ್ಮ ಎದ್ದು ಬಂದು ಪಕ್ಕದಲ್ಲಿ ಕೂತರು. ತಮಗೆ ಬರೆಯಲು ಬಾರದು, ಮಾತು ಕಳಿಸುವುದು ಹೇಗೆ ಅಂತ ಕೇಳಿದರು. ಗುಂಡಿ ಒತ್ತಿ ಹಿಡಿದಿರಬೇಕು, ಬೆರಳು ತೆಗೆದರೆ ಎಲ್ಲರಿಗೂ ಹೋಗುತ್ತದೆ ಅಂದಳು ಶಾಂತಲಾ. ಹಾಗಾದರೆ ಒತ್ತು ಅಂದರು ಅತ್ತೆ.

‘ನಾನು ಬಾಲರಾಜನ ತಾಯಿ ಸುಬ್ಬಮ್ಮ. ಆ ಇಟ್ಟು ಕೆಟ್ಟಿತ್ತು. ಇಡ್ಲಿ ಬೇಯೋವಾಗ್ಲೇ ನಂಗೆ ವಾಸ್ನೆ ಬಂದಿತ್ತು. ಅನ್ನಕ್ ಎಸರಿಡಬಾರ್ದು ಅಂತ ಬಾಯ್ ಮುಚ್ಕೊಂಡಿದ್ದೆ. ನಾನ್ ಯೋಳಿದ್ರೆ ಕೂಸು ತಿಂತಿರ್ಲಿಲ್ಲ. ನನ್ ಸೊಸೆ ಬರ್ದಿರೋದು ನಿಜ. ಕೇಸ್ ಆಕೋದಾದ್ರೆ ನನ್ ಮ್ಯಾಲೂ ಆಕಿ.’

ಬಾಲರಾಜು ತಲೆ ತಗ್ಗಿಸಿದ. ಇಷ್ಟು ದಿನ ಅತ್ತೆ ಇದನ್ನು ಒಬ್ಬರೇ ನುಂಗಿಕೊಂಡಿದ್ದರಲ್ಲ ಅಂತ ಶಾಂತಲಾಗೆ ಅಳು ಒತ್ತರಿಸಿ ಬಂತು. ಕಳಿಸಿದರೆ ಅತ್ತೆಯನ್ನೂ ಕೋರ್ಟಿಗೆ ಎಳೆದಂತೆ. ಬೆರಳು ತೆಗೆಯದೆ ಹಾಗೇ ಹಿಡಿದುಕೊಂಡಿದ್ದಳು.

ಸುಬ್ಬಮ್ಮ ಅವಳ ಕೈ ಮೇಲೆ ಕೈಯಿಟ್ಟರು. ‘ಬೆರಳ್ ತೆಗಿಯಮ್ಮ. ಓಗ್ಲಿ.’

ಶಾಂತಲಾ ಬೆರಳು ತೆಗೆದಳು. ‘ಓಗ್ಲಿ’ ಅಂದ ಆ ಮಾತೂ ಸೇರಿಯೇ ಬಡಾವಣೆಗೆಲ್ಲ ಹೋಯಿತು.